ಗಾಜಿನ ತಟ್ಟೆ

ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲನ್ನು ಮಂಡಿಯಿಂದ ಕೆಳಗೆ ತೆಗೆಯುವ ಒಪ್ಪಿಗೆ ಪತ್ರಕ್ಕೆ ಅಮ್ಮ ಮೂರು ದಿನದಿಂದ ಸಹಿ ಹಾಕಿರಲಿಲ್ಲ. ಸಂಶೋಧಕಿ ಮಗಳು ವಾರ್ಡಿಗೆ ಬಂದ ಕೂಡಲೇ ಅಮ್ಮ ಕೇಳಿದಳು.

"ನಿನ್ನ ಲ್ಯಾಬಲ್ಲಿ ಏನಾಯ್ತೇ?"

"ರಕ್ತನಾಳದ ಕೋಶಗಳ ಮೇಲೆ ಪ್ರೊರೆನಿನ್ ಅನ್ನೋ ಪ್ರೋಟೀನ್ ಬಂದು ಅಂಟಿಕೊಳ್ಳೋ ಜಾಗ ಇದೆಯಲ್ಲಮ್ಮ, ಅದನ್ನ ಒಂದು ಔಷಧಿ ಹಾಕಿ ಮುಚ್ಚಿಬಿಟ್ವಿ. ಅಷ್ಟು ಸಕ್ಕರೇಲಿ ಮುಳುಗಿಸಿಟ್ರೂ ಕೋಶಗಳು ಸಾಯಲಿಲ್ಲ."

"ಯಾರ ಕೋಶಗಳು?"

"ನಿಂದೇ. ಹೋದ ತಿಂಗಳು ತೆಗೆದ್ರಲ್ಲ, ಆ ಕಾಲಿನ ಹೆಬ್ಬೆರಳಿಂದು."

"ಹಾಗಾದ್ರೆ ಆ ಔಷಧಿ ನಂಗೂ ಕೊಡೇ!"

"ಮನುಷ್ಯರಿಗೆ ಕೊಡೋಕೆ ಇನ್ನೂ ಹತ್ತು ವರ್ಷನಾದ್ರೂ ಬೇಕಮ್ಮ. ಸದ್ಯಕ್ಕೆ ಲ್ಯಾಬಿನ ಗಾಜಿನ ತಟ್ಟೇಲಿ ಇರೋ ಕೋಶಗಳಿಗೆ ಮಾತ್ರ."

ಅಮ್ಮ ಕಪ್ಪಾದ ಪಾದವನ್ನೇ ನೋಡುತ್ತಾ ಕುಳಿತಳು. ಆಮೇಲೆ ಪೆನ್ನು ಕೇಳಿ ತೆಗೆದುಕೊಂಡು ಸಹಿ ಹಾಕಿದಳು.

"ಈ ಕಾಲನ್ನೂ ನೀನೇ ತಗೊಂಡು ಹೋಗು. ನಿನ್ನ ತಟ್ಟೇಲಾದ್ರೂ ಬದುಕಿರಲಿ."