ಕೆಂಪು ಚಿಂದಿ

“ಸುಳ್ಳು ಸಾರ್ ಅದು,” ಎಂದು ಮುನಿಕೃಷ್ಣಮ್ಮ ಎದ್ದು ನಿಂತೇಬಿಟ್ಟಳು. ಹೆಬ್ಬಾಳದ ಕಾಲೇಜೊಂದರ ಮೂರನೇ ಮಹಡಿ, ಭಾನುವಾರದ ಬಿಬಿಎ ಕ್ಲಾಸು. ವಾರವೆಲ್ಲ ದುಡಿದು ಬಂದು ತೂಕಡಿಸುತ್ತಿದ್ದ ಮೂವತ್ತು ಜನರ ನಿದ್ದೆ ಒಂದೇ ಏಟಿಗೆ ಹಾರಿಹೋಯಿತು. ಪಕ್ಕದಲ್ಲಿದ್ದ ಕೊರಿಯರ್ ಆಫೀಸಿನ ಉಮೇಶ್, “ಅಕ್ಕಾ, ಸುಮ್ನೆ ಕೂತ್ಕೊಳಕ್ಕ. ಇಂಟರ್ನಲ್ ಮಾರ್ಕ್ಸು ಇವ್ರ ಕೈಲೇ ಇರೋದು,” ಎಂದು ಪಿಸುಗುಟ್ಟಿದ.

ಇರಲಿ, ಯಾರ ಕೈಲಾದರೂ ಇರಲಿ! ಬೋರ್ಡಿನ ಮುಂದೆ ನಿಂತಿದ್ದ ಮೇಷ್ಟ್ರು ಕಾಶಿನಾಥ, ತಾನೇ ಬರೆದ ಎಂಟು ಪುಟಗಳನ್ನು ಎಲ್ಲರಿಗೂ ಹಂಚಿದ್ದ. ಯಶವಂತಪುರದ ಒಂದು ಗಾರ್ಮೆಂಟ್ ಕಾರ್ಖಾನೆ ಹೇಗೆ ಉದ್ಧಾರವಾಯಿತು ಎಂಬ ಕೇಸ್ ಸ್ಟಡಿ ಅದು. ಕಾರ್ಖಾನೆಯ ಹೆಸರು ಹಾಕಿರಲಿಲ್ಲ. ಹಾಕದಿದ್ದರೇನಂತೆ, ಹದಿನೆಂಟು ವರ್ಷ ಬೆವರು ಸುರಿಸಿದ ಜಾಗ ಅವಳಿಗೆ ಗೊತ್ತಾಗುವುದಿಲ್ಲವೇ? ಮೂರನೇ ಪುಟದಲ್ಲಿ ಕಣ್ಣಿಗೆ ರಾಚುವಂತೆ ಇತ್ತು: ಹೊಲಿಗೆ ತಪ್ಪಿದ ಬಟ್ಟೆಗೆ ಕೆಂಪು ಪಟ್ಟಿ ಕಟ್ಟಬೇಕು, ಕೆಂಪು ಪಟ್ಟಿ ಎಂದರೆ ಬಿಚ್ಚಿ ಮತ್ತೆ ಹೊಲಿ ಎಂದರ್ಥ; ಅಕ್ಷರ ಬಾರದ ಮಹಿಳಾ ಕಾರ್ಮಿಕರಿಗಾಗಿ ಇದನ್ನು ರೂಪಿಸಿದವರು ಲೇಖಕರು. ಕೆಳಗೆ ಇನ್ನೊಂದು ಸಾಲು: ಮೊದಮೊದಲು ಸೂಪರ್‌ವೈಸರುಗಳು ವಿರೋಧಿಸಿದರು.

ಆ ಸೂಪರ್‌ವೈಸರು, ನಾಲ್ಕನೇ ಹೊಲಿಗೆ ಲೈನಿನವಳು, ಮುನಿಕೃಷ್ಣಮ್ಮನೇ. ಮೂರು ವರ್ಷದ ಹಿಂದೆ ಈ ಮನುಷ್ಯ ಸಲಹೆಗಾರ ಎಂದು ಲ್ಯಾಪ್‌ಟಾಪು ಹಿಡಿದುಕೊಂಡು ಕಾರ್ಖಾನೆಗೆ ಬಂದು ನಾಲ್ಕು ದಿನ ಅವಳ ಹಿಂದೆ ಮುಂದೆ ಸುತ್ತಿದ್ದ. ಅವಳ ಡಬ್ಬಿಯ ಚಿತ್ರಾನ್ನವನ್ನೂ ತಿಂದಿದ್ದ. ಈಗ ಅವನಿಗೆ ಅವಳ ಗುರುತು ಸಹ ಇಲ್ಲ. ಅವನು ಹೋದ ಮೇಲೆ ಫ್ಲೋರ್ ಮ್ಯಾನೇಜರ್ ಕೆಲಸ ಕೇಳಿದರೆ, ಡಿಗ್ರಿ ಇಲ್ವಲ್ಲಮ್ಮ ಎಂದಿದ್ದರು ಕಾರ್ಖಾನೆಯವರು. ಆ ಒಂದು ಮಾತಿಗೆ ತಾನೇ ನಲವತ್ತೆರಡನೇ ವಯಸ್ಸಿನಲ್ಲಿ ಜಕ್ಕೂರಿಂದ ಬಸ್ಸು ಹಿಡಿದು ಇಲ್ಲಿಗೆ ಬರುತ್ತಿರುವುದು!

“ಯಾವುದಮ್ಮಾ ಸುಳ್ಳು?” ಕಾಶಿನಾಥ ನಕ್ಕ.

“ಕೆಂಪೇ ಯಾಕೆ ಅಂದ್ರಿ ಸಾರ್?”

“ಕೆಂಪು ಅಪಾಯದ ಬಣ್ಣ. ಮನುಷ್ಯನ ಮೆದುಳು ಅದಕ್ಕೆ ಬೇಗ ರೆಸ್ಪಾಂಡ್ ಮಾಡುತ್ತೆ. ಕಲರ್ ಸೈಕಾಲಜಿ.”

“ಯಾವ ಸೈಕಾಲಜಿನೂ ಇಲ್ಲ ಸಾರ್. ಆ ತಿಂಗ್ಳು ಕೆಂಪು ಲಂಗದ ಆರ್ಡರ್ ನಡೀತಿತ್ತು. ಕಟಿಂಗ್ ಟೇಬಲ್ ಕೆಳ್ಗೆ ರಾಶಿ ಬಿದ್ದಿದ್ದು ಕೆಂಪು ಚಿಂದಿ. ಅಸಿರು ಇದ್ದಿದ್ರೆ ಅಸಿರೇ ಕಟ್ತಿದ್ದೆ.”

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. ಕಾಶಿನಾಥನ ನಗು ಮಾತ್ರ ನಿಂತುಹೋಯಿತು. “ಕಟ್ತಿದ್ದೆ ಅಂದ್ರೆ? ನೀವಾ?”

“ನಾನೇ!” ಸಿಟ್ಟು ನೆತ್ತಿಗೇರಿದರೆ ಅವಳ ಬಾಯಲ್ಲಿ ಊರಿನ ಮಾತೇ ಬರುತ್ತಿತ್ತು. “ಒಲಿಗೆ ಒಸಿ ತಪ್ಪಿದ್ರೆ ಸಾಕು, ಚೆಕಿಂಗ್‌ನೋನು ಎಲ್ರಿಗೂ ಕೇಳೋ ಅಂಗೆ ಬೈಯೋನು. ಬಟ್ಟೆ ತಗ್ದು ಮಕಕ್ಕೆ ಎಸೆಯೋನು. ದ್ರೌಪದಮ್ಮ ಅಂತ, ಏಳ್ ತಿಂಗ್ಳ ಬಸ್ರಿ, ಅತ್ಕೊಂಡು ಎದ್ದೋದೋಳು ತಿರ್ಗಾ ಕೆಲ್ಸಕ್ಕೇ ಬರ್ಲಿಲ್ಲ. ಅವತ್ತು ಕಟ್ದೆ ಚಿಂದಿಯ. ಬಾಯೇ ಬಿಡ್ಬ್ಯಾಡ, ಇದನ್ನ ಕಟ್ಟಿ ಸುಮ್ನೆ ಮುಂದೆ ಮಡಗು ಅಂದೆ ಅವನಿಗೆ. ಎಲ್ಲಾ ನಿಮಗೆ ಏಳಿದ್ದೆ ಸಾರ್. ನನ್ ಸ್ಟೂಲ್ ಮೇಲೇ ಕುಂತ್ಕೊಂಡು ಬರ್ಕೊಂಡ್ರಿ. ಈಗ ನಾನೇ ಬ್ಯಾಡ ಅಂದೆ ಅಂತ ಬರ್ದಿದೀರಲ್ಲ!”

ಕಾಶಿನಾಥ ಅವಳನ್ನು ದಿಟ್ಟಿಸಿದ. ಗುರುತು ಹತ್ತಿತು; ಹತ್ತಿದ್ದು ಅವಳಿಗೂ ಗೊತ್ತಾಯಿತು. ತಟ್ಟನೆ ಬೋರ್ಡಿನ ಕಡೆ ತಿರುಗಿದ. “ನೋಡಿ ಮೇಡಂ, ಕೆಲಸ ಮಾಡೋದು ಬೇರೆ, ಅದನ್ನ ಒಂದು ಸಿಸ್ಟಂ ಮಾಡೋದು ಬೇರೆ. ಈಗ ಟೆಸ್ಟ್. ಕೇಸ್‌ನಲ್ಲಿ ಇರೋದನ್ನೇ ಬರೀಬೇಕು. ಸ್ವಂತ ಕಥೆಗೆಲ್ಲ ಮಾರ್ಕ್ಸ್ ಇಲ್ಲ.” ಬೋರ್ಡಿನ ಮೇಲೆ ಪ್ರಶ್ನೆ ಬಿತ್ತು: ಈ ವಿಧಾನವನ್ನು ರೂಪಿಸಿದವರು ಯಾರು, ಏಕೆ? ಹತ್ತು ಅಂಕ.

ಮುನಿಕೃಷ್ಣಮ್ಮ ಕೂತಳು, ಕೂರದೆ ವಿಧಿಯಿರಲಿಲ್ಲ. ಹಿಂದಿನ ಟೆಸ್ಟು ಆಗಲೇ ಕೈಕೊಟ್ಟಿತ್ತು. ಈ ಪೇಪರು ಹೋದರೆ ವರ್ಷ ಹೋಯಿತು, ವರ್ಷ ಹೋದರೆ ಮ್ಯಾನೇಜರ್ ಕೆಲಸವನ್ನು ಇನ್ಯಾರೋ ಹೊಡೆದುಕೊಂಡು ಹೋಗುತ್ತಿದ್ದರು. “ಅವ್ರ ಹೆಸ್ರೇ ಬರ್ದು ಬಿಸಾಕಕ್ಕ, ಹತ್ತಕ್ಕೆ ಹತ್ತು ಬರುತ್ತೆ. ನಿನ್ ಗಂಟೇನು ಹೋಗಲ್ಲ,” ಎಂದ ಉಮೇಶ್. ಪಾಪ, ಒಳ್ಳೆಯದಕ್ಕೇ ಹೇಳಿದ್ದ. ಅವಳ ಪೆನ್ನು ‘ಕಾ’ ಎಂದು ಬರೆಯಿತು. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ದ್ರೌಪದಮ್ಮನ ಖಾಲಿ ಮಿಷನ್ನು ಕಣ್ಣ ಮುಂದೆ ಬಂತು. ಥೂ, ಎಂದು ‘ಕಾ’ ಹೊಡೆದು ಹಾಕಿದಳು. ಅದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಮುನಿಕೃಷ್ಣಮ್ಮ, ನಾಲ್ಕನೇ ಲೈನು’ ಎಂದು ಬರೆದಳು. ಏಕೆ ಎಂಬುದಕ್ಕೆ ಎರಡು ಪುಟ ತುಂಬಿಸಿದಳು.

ಬರೆದು ಮುಗಿಸಿ ಬ್ಯಾಗು ಎತ್ತಿಕೊಂಡಳು. ಅದರ ಜಿಪ್ಪಿನ ಹಿಡಿ ಕಿತ್ತುಹೋಗಿ ಎಷ್ಟೋ ದಿನವಾಗಿತ್ತು. ಹಿಡಿದು ಎಳೆಯಲು ಒಂದು ಚಿಂದಿ ಕಟ್ಟಿಕೊಂಡಿದ್ದಳು. ಅದನ್ನು ಬಿಚ್ಚಿದಳು. ಕಾಶಿನಾಥನ ಎಂಟು ಪುಟಗಳ ಮೂಲೆಗೆ ಪೆನ್ನಿನಿಂದ ತೂತು ಮಾಡಿ, ಚಿಂದಿಯನ್ನು ಪೋಣಿಸಿ, ಎರಡು ಗಂಟು ಬಿಗಿದಳು. ಉತ್ತರ ಪತ್ರಿಕೆಯ ಮೇಲೆ ಅದನ್ನಿಟ್ಟು ಅವನ ಟೇಬಲ್ಲಿಗೆ ಒಯ್ದಳು. ಬಾಯಿ ಬಿಡಲಿಲ್ಲ, ಸುಮ್ಮನೆ ಮುಂದೆ ಇಟ್ಟಳು.

“ಏನಮ್ಮಾ ಇದು?” ಎಂದ ಕಾಶಿನಾಥ, ಕೆಂಪು ಚಿಂದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು.

ಅವಳು ಆಗಲೇ ಬಾಗಿಲು ತಲುಪಿದ್ದಳು. “ಮೂರನೇ ಪುಟ ನೋಡಿ ಸಾರ್. ನೀವೇ ಬರ್ದಿದೀರಲ್ಲ.”