ನಾರು ಕಾಣಬಾರದು

‘ಮತ್ತೆ ನಡುವೆ ನಿಂತ್ಬಿಟ್ರಿ ಸಾರ್,’ ಎಂದಳು ಹರಿತಾ. ‘ಪುಟ್, ಇಟ್, ಆನ್ ಅಂತ ಬಿಡಿಬಿಡಿ ಬೇಡ. ಪುಟಿಟಾನ್. ಒಂದೇ ಉಸಿರಲ್ಲಿ.’

ಚನ್ನಕೇಶವ ಬಾಯಿ ತೆರೆದರು. ‘ಪುಟ್’ ಬಂತು. ಬಹಳ ಹೊತ್ತಿನ ಮೇಲೆ ‘ಇಟ್’ ಬಂತು. ಮೂರನೆಯದು ಬರಲೇ ಇಲ್ಲ.

ಈ ಇಂಗ್ಲಿಷಿನದೇ ಒಂದು ತಕರಾರು. ಬರೆಯುವಾಗ ಬಿಡಿಸಬೇಕು, ಆಡುವಾಗ ಸೇರಿಸಬೇಕು. ಗೌರಿಬಿದನೂರಿನ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ, ತನ್ನ ಇಂಗ್ಲಿಷ್ ಕ್ಲಾಸಿನ ಹುಡುಗರ ಮುಂದೆ ಹರಿತಾ ಬೆಳಗಿನಿಂದ ಇದನ್ನೇ ಕೂಗಿ ಕೂಗಿ ಗಂಟಲು ಹರಿದುಕೊಂಡಿರುತ್ತಿದ್ದಳು. ಅಷ್ಟಾದ ಮೇಲೆ ಮಂಚೇನಹಳ್ಳಿ ಬಸ್ಸಿಳಿದು ಇವರು ಬರುತ್ತಿದ್ದರು, ಜೊತೆಗೆ ಹೆಂಡತಿ ಚಿಕ್ಕವೆಂಕಟಮ್ಮ. ಐವತ್ತು ದಾಟಿದ ಗಂಡಸು. ಸೋಮವಾರ ಖಾಸಗಿ ಶಾಲೆಯೊಂದರ ಆಡಳಿತ ಮಂಡಳಿಯ ಮುಂದೆ ಒಂದು ಪುಟ ಇಂಗ್ಲಿಷ್ ಓದಿ ತೋರಿಸಬೇಕು. ಓದಿದರೆ ಇಂಗ್ಲಿಷ್ ಮೇಷ್ಟ್ರ ಕೆಲಸ ಅವರದು. ಇಲ್ಲವಾದರೆ ಆ ಕುರ್ಚಿ ಬೇರೆಯವರಿಗೆ.

ಕೆಳಗಿನ ಅಂಗಡಿಯಿಂದ ಟೀ ತಂದ ನಲ್ಲಪ್ಪ ಹರಿತಾಳನ್ನು ಬಾಗಿಲಾಚೆ ಕರೆದ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತೇನಮ್ಮ? ಯಾಕೆ ಸುಮ್ನೆ ಆಯಾಸ ಮಾಡ್ಕೋತೀಯ?’

ಹರಿತಾಳಿಗೆ ಸಿಟ್ಟು ಬಂತು. ಜಗಳಕ್ಕೆ ಮಾತ್ರ ತ್ರಾಣವಿರಲಿಲ್ಲ.

ಚನ್ನಕೇಶವ ಎಡಗೈ ಚಾಚಿ ಲೋಟ ತೆಗೆದುಕೊಂಡರು. ಹೆಂಡತಿ ಸೆರಗಿನಿಂದ ಅವರ ತುಟಿಯಂಚು ಒರೆಸಿದರು. ಏನು ಕೇಳಿದರೂ ಉತ್ತರ ಕೊಡುತ್ತಿದ್ದುದು ಆಕೆಯೇ. ಮಗಳ ವಯಸ್ಸಿನವಳ ಮುಂದೆ ಕಲಿಯಲು ನಾಚಿಕೆ ಎಂಬುದು ನಲ್ಲಪ್ಪನ ತೀರ್ಮಾನ.

ಹರಿತಾ ತನ್ನ ಹಳೆಯ ಫೋನನ್ನು ಮೇಜಿನ ಮೇಲಿಟ್ಟಳು. ಕೊರೊನಾದಲ್ಲಿ ಶಾಲೆ ಮುಚ್ಚಿದಾಗ ಅವಳ ಮೇಷ್ಟ್ರು ವಾಟ್ಸಾಪಿನಲ್ಲಿ ಕಳಿಸಿದ್ದ ಪಾಠಗಳು ಅದರಲ್ಲಿದ್ದವು. ಅವಳು ಈ ವಿದ್ಯೆ ಕಲಿತದ್ದೇ ಅವುಗಳಿಂದ.

‘ಕನಕಾಂಬರ ಕಟ್ಟೋದು ನೋಡಿದ್ದೀರಲ್ಲ?’ ಫೋನಿನಿಂದ ಬಂದ ತುಂಬುದನಿ ಕೋಣೆಯನ್ನೆಲ್ಲ ಆವರಿಸಿತು. ‘ಹೂವಿಗೆ ಹೂ ತಾಗಬೇಕು, ನಡುವೆ ನಾರು ಕಾಣಬಾರದು. ಮಾತೂ ಹಾಗೇ ಕಣ್ರಪ್ಪ. ಹೇಳಿ, ಪುಟಿಟಾನ್.’

ಚನ್ನಕೇಶವರ ಮುಖ ಸಣ್ಣಗಾಯಿತು. ‘ಸಾಕು,’ ಎಂದು ಫೋನನ್ನು ದೂರ ತಳ್ಳಿದರು.

‘ಆ ದನಿ ಕೇಳಿದ್ರೆ ಮನೇಲೂ ಎದ್ದು ಹೋಗ್ತಾರಮ್ಮ,’ ಎಂದರು ಚಿಕ್ಕವೆಂಕಟಮ್ಮ.

ಹರಿತಾ ಸೋತುಹೋಗಿದ್ದಳು. ಆದರೂ ಫೋನನ್ನು ಮತ್ತೆ ಅವರ ಮುಂದೆ ಸರಿಸಿದಳು. ‘ಇನ್ನೊಂದೇ ಸಲ ಸಾರ್. ನೀವಾಗಿದ್ರೆ ನನ್ನ ಬಿಡ್ತಿದ್ರಾ?’

ಅವರು ಕಣ್ಣು ಮುಚ್ಚಿದರು. ತುಟಿ ಒಂದು ಕಡೆಗೆ ಎಳೆಯಿತು.

‘ಪುಟಿಟಾನ್.’

ಒಡೆದ ದನಿ. ಆದರೆ ನಡುವೆ ನಾರು ಕಾಣಲಿಲ್ಲ. ಚಿಕ್ಕವೆಂಕಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಫೋನಿನಲ್ಲಿ, ಲಕ್ವ ಹೊಡೆಯುವುದಕ್ಕೂ ಮೊದಲಿನ ಆ ದನಿ ಪಾಠ ಮುಗಿಸುತ್ತಿತ್ತು: ‘ಹುಷಾರಾಗಿರಿ, ಮಾಸ್ಕ್ ಹಾಕ್ಕೊಳ್ಳಿ. ನಾಳೆ ಬರ್ತೀನಿ. ನಿಮ್ಮ ಚನ್ನಕೇಶವ ಮೇಷ್ಟ್ರು.’