ತಾರಸಿ ಕೋಣೆಯ ಮೇಲ್‌ಬಾಕ್ಸ್

ರಘುರಾಮ ಮೇಲ್‌ಬಾಕ್ಸಿನಲ್ಲಿದ್ದ ಹಳೆಯ ಸಂದೇಶಗಳನ್ನು ಅಳಿಸುತ್ತಿದ್ದಾಗ ಪರದೆಯ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ, ಕನ್ನಡದ ಒಂದು ಸಾಲು ಮೂಡಿತು: "ರಘು ಅಣ್ಣ, ನೀವೇನಾ?"

ಅವನು ಬೆಚ್ಚಿದ. ಕೂತಿದ್ದದ್ದು ಮೈಲಾಪೂರಿನ ತನ್ನ ಮನೆಯಲ್ಲಿ. ಅಲ್ಲಿಂದಲೇ ರೇಡಿಯೋ ಮೂಲಕ ಅವನು ನಡೆಸುತ್ತಿದ್ದ ಮೇಲ್‌ಬಾಕ್ಸ್ ಇದ್ದದ್ದು ನುಂಗಂಬಾಕ್ಕಂನಲ್ಲಿ, ಗೆಳೆಯ ಶಿವರಂಜನ್ ತನ್ನ ತಾರಸಿಯ ಮೇಲೆ ಬಿಟ್ಟುಕೊಟ್ಟಿದ್ದ ಪುಟ್ಟ ಕೋಣೆಯಲ್ಲಿ. ಚೆನ್ನೈನ ಹ್ಯಾಮ್ ರೇಡಿಯೋ ಹವ್ಯಾಸಿಗಳು ಒಬ್ಬರಿಗೊಬ್ಬರು ಸಂದೇಶ ಬಿಡುತ್ತಿದ್ದದ್ದು ಅಲ್ಲಿನ ಕಂಪ್ಯೂಟರಿನಲ್ಲಿ. ಎಲ್ಲರೂ ತಂತಮ್ಮ ಮನೆಯಿಂದಲೇ. ಅದರ ಕೀಬೋರ್ಡನ್ನು ಯಾರೂ ಮುಟ್ಟುತ್ತಿರಲಿಲ್ಲ. ಈ ಸಾಲು ಮಾತ್ರ ಆ ಕೀಬೋರ್ಡಿನಿಂದಲೇ ಬಂದಿತ್ತು.

"ಯಾರು?" ಎಂದು ಟೈಪ್ ಮಾಡಿದ.

"ಜ್ಯೋತಿ. ಒಳಗಿಂದ ಚಿಲಕ ಹಾಕ್ಕೊಂಡಿದೀನಿ. ಇವರು ಬಾಗಿಲು ಒದೀತಿದಾರೆ. ಬಲಗೈ ಮುರಿದಿದೆ."

ಜ್ಯೋತಿ ಶಿವರಂಜನ್‌ನ ಹೆಂಡತಿ. ರಘುರಾಮ ಎರಡು ಸಲ ಓದಿದ. ಶಿವರಂಜನ್! ರೇಡಿಯೋದಲ್ಲಿ ಯಾರಾದರೂ ಸಿಡುಕಿದರೆ "ಸಮಾಧಾನ, ಸಮಾಧಾನ" ಎನ್ನುವವನು. ಹೊಸಬರಿಗೆ ಪುಕ್ಕಟೆ ಪಾಠ ಹೇಳಿ ಲೈಸೆನ್ಸ್ ಪರೀಕ್ಷೆ ಪಾಸು ಮಾಡಿಸುವವನು. ರಘುರಾಮನಿಗೂ ಅವನೇ ಗುರು. "ಪಾವನಾ!" ಎಂದು ಹೆಂಡತಿಯನ್ನು ಕೂಗಿದ.

ಅವಳು ಬರುವಷ್ಟರಲ್ಲಿ ಬರೆದಾಗಿತ್ತು: "ಜ್ಯೋತಿ, ಇಲ್ಲಿ ಬರೀಬೇಡಿ. ರೇಡಿಯೋ ಸೆಟ್ ಇರೋರೆಲ್ಲ ಓದ್ತಾರೆ."

ಉತ್ತರ ಬರಲು ತುಂಬ ಹೊತ್ತು ಹಿಡಿಯಿತು. "ಗೊತ್ತು. ಅದಕ್ಕೇ ಬರೀತಿದೀನಿ."

"ಪೊಲೀಸಿಗೆ ಫೋನ್ ಮಾಡ್ರೀ!" ಎಂದಳು ಪಾವನಾ.

"ಇರು, ಶಿವರಂಜನ್ ಹತ್ರ ಒಂದ್ಸಲ ಮಾತಾಡಿ ನೋಡೋಣ. ಅವನು ಅಂಥೋನಲ್ಲ..."

"ಅವಳ ಕೈ ಮುರಿದಿದೆ ರೀ!" ಪಾವನಾ ತಾನೇ ಫೋನೆತ್ತಿ ತಮಿಳಿನಲ್ಲಿ ವಿಳಾಸ ಹೇಳಿದಳು. ಆಟೋ ಹಿಡಿದು ಇಬ್ಬರೂ ಹೊರಟರು.

ತಾರಸಿ ತಲುಪಿದಾಗ ಪೊಲೀಸರು ಇನ್ನೂ ಬಂದಿರಲಿಲ್ಲ. ಆದರೆ ಕೋಡಂಬಾಕ್ಕಂನಿಂದ, ಅಡ್ಯಾರಿನಿಂದ ಕನ್ನಡ ಬಲ್ಲ ನಾಲ್ಕೈದು ಹವ್ಯಾಸಿಗಳು ಬಂದಿದ್ದರು. ತಮ್ಮ ಮನೆಗಳಲ್ಲಿ ಆ ಸಾಲುಗಳನ್ನು ಓದಿ, ಹಾಗೇ ಸ್ಕೂಟರ್ ಹತ್ತಿದವರು. ಎಲ್ಲರೂ ಶಿವರಂಜನ್‌ನ ಶಿಷ್ಯರೇ. ಅವನಿಗೂ ಆ ಬಾಗಿಲಿಗೂ ನಡುವೆ ನಿಂತಿದ್ದರು.

"ಬಾ ರಘು," ಎಂದು ಶಿವರಂಜನ್ ನಕ್ಕ. ಅಂಗಿಯ ಇಸ್ತ್ರಿ ಕೂಡ ಕೆಟ್ಟಿರಲಿಲ್ಲ. "ಈ ಬಿಸಿಲಲ್ಲಿ ನಿನ್ನನ್ನೂ ಓಡಿಸಿಬಿಟ್ಟಳಾ? ಅವಳಿಗೆ ಸ್ವಲ್ಪ ಮನಸ್ಸು ಸರಿಯಿಲ್ಲ. ನೀನೇ ಹೇಳು ಇವರಿಗೆ."

ರಘುರಾಮ ಬಾಗಿಲಿನ ಕಡೆ ನೋಡಿದ. ಕಬ್ಬಿಣದ ತಗಡು ಕೆಳಗಡೆ ಒಳಕ್ಕೆ ತಗ್ಗಿಹೋಗಿತ್ತು. ಹೋಗಿ ಉಳಿದವರ ಪಕ್ಕದಲ್ಲಿ ನಿಂತುಕೊಂಡ.

ಪಾವನಾ ಬಾಗಿಲು ತಟ್ಟಿದಳು. "ಜ್ಯೋತಿ, ನಾನು ಪಾವನಾ. ಆಸ್ಪತ್ರೆಗೆ ಹೋಗೋಣ. ಆಮೇಲೆ ನಮ್ಮನೆಗೆ."

ಕೆಳಗೆ ಜೀಪು ನಿಂತ ಸದ್ದಾಯಿತು. ಚಿಲಕ ಸರಿಯಿತು. ಬಲಗೈಯನ್ನು ಎದೆಗೆ ಅವಚಿಕೊಂಡು ಜ್ಯೋತಿ ಹೊರಬಂದಳು. ಮೇ ತಿಂಗಳ ಮಧ್ಯಾಹ್ನ, ಬರಿಗಾಲು.

"ಚಪ್ಪಲಿ ಹಾಕ್ಕೊಳೇ ಜ್ಯೋತಿ," ಎಂದ ಶಿವರಂಜನ್, ಊರಿನ ಹವ್ಯಾಸಿಗಳಿಗೆಲ್ಲ ಪರಿಚಿತವಾಗಿದ್ದ ಅದೇ ಮೆತ್ತನೆಯ ದನಿಯಲ್ಲಿ. "ಕಾಲು ಸುಡುತ್ತೆ."

ಕಾದ ತಾರಸಿಯ ಮೇಲೆ ಅವಳು ಬರಿಗಾಲಲ್ಲೇ, ಒಂದಿಷ್ಟೂ ಅವಸರವಿಲ್ಲದೆ, ಮೆಟ್ಟಿಲಿನವರೆಗೆ ನಡೆದಳು.